ತಪ್ಪೂಟದ ಮೂರನೆಯ ಎಲೆ

ಹುಬ್ಬಳ್ಳಿ
ಗಾಳಿತಿಂಗಳ ಮೂವತ್ತೈದನೆಯ ದಿನ, ೨೨೧೪

ಪ್ರೀತಿಯ ರೇವತಿ ಮುತ್ತಜ್ಜಿಗೆ, ಏಳು ತಲೆಮಾರು ಈಚೆಯಿಂದ ಅಂಬುಜಾ ಹೊಂಬಳ ಮಾಡುವ ನಮಸ್ಕಾರಗಳು. ತಾರೀಖು ನೋಡಿ ಹೌಹಾರಬೇಡಿ, ನಮ್ಮ ಗಾಳಿತಿಂಗಳಿಗೆ ನಲವತ್ತು ದಿನ. ನಿಮಗೆ ಗೊತ್ತಿಲ್ಲದ ಪದಗಳು ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಕನ್ಸಲ್ಟಿಂಗ್, ಕೋಚಿಂಗ್ ಎಂಬ ಮಾತುಗಳಿಗೆ ನಾನೂ ಸಾಕಷ್ಟು ತಿಣುಕಿದ್ದೇನೆ. ನಾವು ಎರಡನ್ನೂ ಸೇರಿಸಿ ಬುದ್ಧಿಗಾರಿಕೆ ಅನ್ನುತ್ತೇವೆ.

ನೀವು ನೌಕರಿ ಬಿಟ್ಟು ಸ್ವಂತ ಬುದ್ಧಿಗಾರಿಕೆ ಶುರು ಮಾಡಿದಾಗ ಬರೆಸಿದ ಬೋರ್ಡು ಈಗಲೂ ನನ್ನ ಬಾಗಿಲ ಮೇಲಿದೆ. 'ರೇವತಿ ಹೊಂಬಳ, ಸಲಹೆ ಮತ್ತು ತರಬೇತಿ. ಒಬ್ಬಳೇ ಕಟ್ಟಿದ್ದು.' ಆ ಕೊನೆಯ ಸಾಲನ್ನು ಓದುತ್ತಲೇ ನಾನು ಬೆಳೆದೆ. ಅದೇ ನನ್ನ ತಲೆ ತಿರುಗಿಸಿತು ಎಂದರೆ ಬೇಜಾರು ಮಾಡಿಕೊಳ್ಳಬೇಡಿ.

ಮುತ್ತಜ್ಜಿ, ನಿನ್ನೆ ನಾನು ಗೆದ್ದೆ! ಇಪ್ಪತ್ತೈದು ವರ್ಷದ ಕಸುಬಿನ ಮೇಲೆ ಶಿಷ್ಯರನ್ನು ಇಟ್ಟುಕೊಳ್ಳುವ ಹಕ್ಕು ಸಿಕ್ಕಿತು. ಅದು ಪರೀಕ್ಷೆ ಬರೆದರೆ ಸಿಗುವುದಲ್ಲ, ಅದಕ್ಕೆ ತಪ್ಪೂಟ ಹಾಕಿಸಬೇಕು. ಜೊತೆಗೆ ದುಡಿದವರನ್ನು ಕರೆದು, ಎಲೆ ಹಾಕಿ, ನಾನೇ ನಿಂತು ಬಡಿಸಬೇಕು. ಉಂಡವರಲ್ಲಿ ಮೂವರು ಎದ್ದು, ನನ್ನ ಯಾವ ತಪ್ಪನ್ನು ತಿದ್ದಿದರೆಂದು ಎಲ್ಲರೆದುರು ಹೇಳಬೇಕು. ಹೊಗಳಿಕೆ ಲೆಕ್ಕಕ್ಕಿಲ್ಲ. ತಿದ್ದುವವರು ಮೂವರೂ ಇಲ್ಲದವಳು ಇನ್ನೊಬ್ಬರಿಗೆ ಏನು ಕಲಿಸಿಯಾಳು ಎಂಬುದು ನಮ್ಮ ಹಿರಿಯರ ವಾದ. ಆಯುಷ್ಯದಲ್ಲಿ ಒಂದೇ ಸಲ ಈ ಊಟ, ಸೋತರೆ ಮುಗಿಯಿತು.

ನನಗೆ ಇಬ್ಬರು ಖಾತ್ರಿಯಿದ್ದರು. ಮೂರನೆಯ ಎಲೆ ಬಸಲಿಂಗವ್ವನದು, ಆರು ವರ್ಷದಿಂದ ನನ್ನ ಜೊತೆ ಮಾತು ಬಿಟ್ಟವಳದು.

ಆರು ವರ್ಷದ ಹಿಂದೆ, ಗದಗಿನ ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿಕಂಬ ಏರಿ ರಿಪೇರಿ ಮಾಡುವವರು ದಣಿದು ಕೆಲಸ ಬಿಡುತ್ತಿದ್ದರು. ದಾರಿ ತೋರಿಸಲು ನನ್ನನ್ನು ಕರೆಸಿದರು. ನಾನು ಗತ್ತಿನಿಂದ ಪ್ರತಿ ಭಾನುವಾರ ರಜೆ ಎಂದು ಬರೆದೆ. ಮೂವತ್ತು ವರ್ಷ ಕಂಬ ಏರಿ, ಆಮೇಲೆ ನನ್ನ ಜೊತೆ ಸೇರಿದ್ದ ಬಸಲಿಂಗವ್ವ ಆ ಹಾಳೆ ಓದಿ ನಕ್ಕುಬಿಟ್ಟಳು. "ಅಯ್ಯ ನಿನ್ನ! ಭಾನುವಾರ ಗಾಳಿ ನಿಂತ್ರ ಕಂಬ ನೀ ಏರ್ತೀ ಏನ? ಜೋರು ಗಾಳಿ ಇದ್ದ ದಿನ ಹೆಂಗೂ ಯಾರೂ ಏರಂಗಿಲ್ಲ, ಬುಡದಾಗ ಸುಮ್ನ ಕುಂದರ್ತಾರ. ಅವತ್ತ ಅವ್ರನ್ನ ಮನಿಗೆ ಬಿಡು." ಹಾಗೆ ಹುಟ್ಟಿದ್ದು ಗಾಳಿರಜೆ. ಇಂದು ನಾಡಿನ ಎಲ್ಲ ಗುಡ್ಡಗಳಲ್ಲೂ ಅದೇ ನಡೆಯುತ್ತದೆ. ಬೆಳಿಗ್ಗೆ ಒಣಹಾಕಿದ ಸೀರೆ ಹಾರಾಡಿದರೆ, ಅಪ್ಪ ಮನೆಯಲ್ಲಿರುತ್ತಾನೆಂದು ಮಕ್ಕಳು ಕುಣಿಯುತ್ತವೆ. ಗಾಳಿರಜೆಯ ವರದಿಯ ಮೇಲೆ ಮಾತ್ರ ನನ್ನ ಹೆಸರೊಂದೇ. ಒಬ್ಬಳೇ ಕಟ್ಟಿದ್ದು!

ಹೋದ ವಾರ ಅವಳ ಮನೆಗೆ ಹೋಗಿ ಕರೆದೆ. ಬಾಗಿಲಲ್ಲೇ ನಿಂತು "ನೋಡೂಣು" ಎಂದಳು, ಅಷ್ಟೆ.

ನಿನ್ನೆ ಮೊದಲು ಎದ್ದವನು ದಾವಲಸಾಬ, ಹತ್ತು ವರ್ಷ ನನ್ನ ಪ್ರತಿ ಸಭೆಯಲ್ಲೂ ಪಕ್ಕದಲ್ಲಿ ಕೂತವನು. "ಅಕ್ಕಾರು ಎದುರಿನವ್ರ ಮಾತು ಮುಗಿಯೂದ್ರಾಗನ ಬುದ್ಧಿ ಹೇಳಾಕ ಚಾಲೂ ಮಾಡ್ತಿದ್ರು. ನಾ ಮೇಜಿನ ಕೆಳಗ ಅವ್ರ ಕಾಲು ತುಳೀತಿದ್ದೆ. ಈಗ ತುಳಿಯೂದು ಬ್ಯಾಡಾಗೇತಿ." ಎಲ್ಲರೂ ಬಿದ್ದು ಬಿದ್ದು ನಕ್ಕರು. ಇನ್ನೊಬ್ಬ ಜೊತೆಗಾರ ಈರಸಂಗಪ್ಪ, ನಾನು ಒಂದೇ ದಿನಕ್ಕೆ ಮೂರು ಊರಿಗೆ ಮಾತು ಕೊಟ್ಟಾಗ ನನ್ನ ಬದಲು ತಾನು ಎರಡೂರಿಗೆ ಓಡಿ, ಆ ಚಟ ಬಿಡಿಸಿದ ಕಥೆ ಹೇಳಿದ. ಎರಡಾಯಿತು. ಮೂರನೆಯ ಎಲೆಯ ಮೇಲೆ ಬಡಿಸಿದ ಹುಗ್ಗಿ ಆರುತ್ತಿತ್ತು.

ಆಗ ಬಂದಳು ಬಸಲಿಂಗವ್ವ! ಬಂದವಳೇ ಕೂತು ಎಲೆ ಖಾಲಿ ಮಾಡಿದಳು. ನಿಧಾನಕ್ಕೆ ಎದ್ದಳು.

"ಈಕಿ ನನ್ನ ಹೆಸರು ನುಂಗಿದ್ಲು. ಗಾಳಿರಜೆ ನಂದು. ಆ ತಪ್ಪು ಇಷ್ಟು ವರ್ಷ ಯಾರೂ ತಿದ್ದಿರಲಿಲ್ಲ, ಇವತ್ತ ನಿಮ್ಮೆಲ್ಲಾರ ಮುಂದ ನಾ ತಿದ್ದೀನಿ. ಮೂರಾದ್ವಲ್ಲ? ಹುಗ್ಗಿ ಹಾಕು ಇನ್ನಷ್ಟು."

ಸೌಟು ಹಿಡಿದುಕೊಂಡೇ ಅತ್ತುಬಿಟ್ಟೆ. ಮನೆ ತುಂಬ ಚಪ್ಪಾಳೆ. ಇವತ್ತು ಬೆಳಿಗ್ಗೆ ಎದ್ದವಳೇ ಮೊದಲು ವರದಿಯ ಮೇಲೆ ಅವಳ ಹೆಸರು ಹಾಕಿಸಿದೆ, ನನ್ನದಕ್ಕಿಂತ ಮೇಲೆ. ನನ್ನನ್ನು ತುಳಿದು, ಬೈದು, ನಕ್ಕು ಮನುಷ್ಯಳನ್ನಾಗಿ ಮಾಡಿದ ಈ ಮೂವರು ಸಿಕ್ಕಿದ್ದು ನನ್ನ ಪುಣ್ಯ. ಇದನ್ನು ಕೂಗಿ ಹೇಳಬೇಕು ಅನ್ನಿಸುತ್ತಿದೆ.

ತಪ್ಪೂಟ ಗೆದ್ದವರಿಗೆ ಹಿನ್ನಂಚೆಯಲ್ಲಿ, ಅಂದರೆ ಕಾಲದ ಹಿಂದಕ್ಕೆ ಹೋಗುವ ಅಂಚೆಯಲ್ಲಿ, ಒಂದೇ ಒಂದು ಕಾಗದ ಹಾಕಲು ಬಿಡುತ್ತಾರೆ. ನಾನು ನಿಮಗೇ ಹಾಕುತ್ತಿದ್ದೇನೆ. ಇದು ನಿಮ್ಮ ಕೈ ಸೇರುವ ದಿನಕ್ಕೆ, ನಿಮ್ಮ ಡೈರಿಯ ಪ್ರಕಾರ, ಮೊನ್ನೆಯಷ್ಟೇ ಪೇಂಟರನಿಗೆ ಬೋರ್ಡು ಬರೆಯಲು ಹೇಳಿ ಬಂದಿದ್ದೀರಿ. ಅದೇ ಡೈರಿಯಲ್ಲಿ, ಮೊದಲ ಕೆಲಸ ಕೊಡಿಸಿದ ಗೆಳತಿ ಕುಸುಮಾ ಇದ್ದಾಳೆ, ನಿಮ್ಮ ಭಾಷಣವನ್ನು ಏಳು ಸಲ ಕೇಳಿ ಏಳು ಸಲವೂ ತಿದ್ದಿದ ನಾಡಗೇರ ಮಾಸ್ತರರೂ ಇದ್ದಾರೆ. ಇವತ್ತೇ ಪೇಂಟರನಿಗೆ ಫೋನ್ ಮಾಡಿ. ಕೊನೆಯ ಸಾಲು ತೆಗೆಸಿ, ಅವರ ಹೆಸರು ಬರೆಸಿ.

ಬಾಗಿಲ ಎದುರು ಸ್ಟೂಲ್ ಹಾಕಿಕೊಂಡು ಕೂತಿದ್ದೇನೆ ಮುತ್ತಜ್ಜಿ, ಬೋರ್ಡಿನ ಕೊನೆಯ ಸಾಲು ಬದಲಾಗುವುದನ್ನೇ ಕಾಯುತ್ತಾ.

ನಿಮ್ಮ
ಅಂಬುಜಾ