ಹಿಂಭಾರ

ಆಗಸ್ಟ್ ೯, ಶನಿವಾರ

ಟ್ರೇಲರ್‌ನ ಎಡಗೋಡೆಯ ಪ್ಲೈವುಡ್ ಮುಗಿಯಿತು. ಮೂರು ತೊಟ್ಟಿಯ ಸಿಂಕ್ ಹಿಂಬಾಗಿಲ ಪಕ್ಕ ಕೂರಿಸಿದೆ. ನೀರಿನ ಟ್ಯಾಂಕ್ ಅದರ ಕೆಳಗೆ. ಹೆಂಡತಿ ನಡೀನ್ ಸೀಮೆಸುಣ್ಣದಲ್ಲಿ ಗೀಚಿದ ಜಾಗದಲ್ಲೇ, ಒಂದಿಂಚೂ ಆಚೀಚೆ ಇಲ್ಲ. ಹೋದ ವರ್ಷ ಖಾಲಿ ಟ್ರೇಲರ್ ತಂದ ದಿನವೇ ಒಳಗೆ ಮಂಡಿಯೂರಿ ಗೀಚಿದ್ದಳು. "ಪಾತ್ರೆ ತೊಳೀತಾ ಕೈ ಚಾಚಿದ್ರೆ ಬೆಂಕಿ ಸಿಗ್ಬೇಕು" ಅಂದಿದ್ದಳು. ಫೆಬ್ರವರಿಯಲ್ಲಿ ತೀರಿಕೊಂಡಳು. ಗೀಟು ಉಳಿದಿದೆ.

ಕ್ಲೇವಿಲ್‌ನ ಮಾಂಸ ಸುಡುವ ಸ್ಪರ್ಧೆಗೆ ಹೆಸರು ಕೊಟ್ಟು ಬಂದೆ. ಅಕ್ಟೋಬರ್ ೧೧. ಇಷ್ಟು ವರ್ಷ ಅಲ್ಲಿ ಡೇರೆ ಹೊಡೆದು ಮಾಂಸ ಸುಟ್ಟೆವು. ಮುಂದಿನ ಸಲ ಟ್ರೇಲರ್‌ನಲ್ಲೇ ಬರ್ತೀವಿ ಅಂತ ಎಲ್ಲರಿಗೂ ಹೇಳಿದ್ದಳು. ಹೋಗಲೇಬೇಕು.

ಆಗಸ್ಟ್ ೧೨

ನಡೀನ್ ತಂಗಿ ಬಾಬೆಟ್ ಬಂದಿದ್ದಳು. ಬಾಗಿಲಲ್ಲೇ ನಿಂತು ಒಳಗೆ ನೋಡಿದಳು.

"ಹೆಸರು ಕೊಟ್ಟೆಯಂತೆ. ಬೇಯಿಸೋರು ಯಾರು?"

"ನೀನು, ನಾನು."

"ನಿನಗೆ ಗಾಡಿ ಎಳೆಯೋದು, ಪಾತ್ರೆ ತೊಳೆಯೋದು ಗೊತ್ತು. ನನಗೆ ತೀರ್ಪುಗಾರರ ಡಬ್ಬೀಲಿ ಸೊಪ್ಪು ಹಾಸಿ ಮಾಂಸ ಜೋಡಿಸೋದು ಗೊತ್ತು. ನಡುವೆ ಅದು ತಾನಾಗೇ ಬೇಯುತ್ತಾ?"

ಸ್ಕ್ರೂ ಬಿಗಿಸುತ್ತಾ ಇದ್ದೆ. ಹೋಗುವಾಗ ತಂಡದ ಹೆಸರು ಬದಲಾಯಿಸ್ತೀಯಾ ಅಂತ ಕೇಳಿದಳು. ಇಲ್ಲ ಅಂದೆ. 'ಎರಡನೇ ಗಂಡ.' ನಡೀನ್ ಇಟ್ಟ ಹೆಸರು. "ಮೊದಲನೇ ಗಂಡ ಹೊಗೆ ಕಂಡ್ರೆ ಓಡ್ತಿದ್ದ" ಅಂತ ಕೇಳಿದವರಿಗೆಲ್ಲ ಹೇಳುತ್ತಿದ್ದಳು.

ಆಗಸ್ಟ್ ೨೪

ಶಾಲೆ ಶುರುವಾಗಿದೆ. ಬೆಳಿಗ್ಗೆ, ಸಂಜೆ ಮಕ್ಕಳ ಬಸ್ಸು ಓಡಿಸಬೇಕು. ನಡುವೆ ಟ್ರೇಲರ್. ಪಕ್ಕದ ಮನೆಯ ಹಾಲಿಸ್ ವೆಲ್ಡಿಂಗ್ ಮಾಡುವವನು. ಇವತ್ತು ಬಂದು ಟ್ರೇಲರ್‌ನ ಹಿಂದಿನ ಜಗಲಿಯ ಮೇಲೆ ಸ್ಮೋಕರ್, ಅಂದರೆ ಹೊಗೆಯಲ್ಲಿ ಮಾಂಸ ಬೇಯಿಸುವ ಒಲೆ, ನಿಲ್ಲಿಸಿ ಬೋಲ್ಟ್ ಹಾಕಿಕೊಟ್ಟ. ದಪ್ಪ ಕಬ್ಬಿಣ, ಒಂದು ಹಸುವಿನಷ್ಟು ಭಾರ. ಕೂರಿಸಿದಾಗ ಟ್ರೇಲರ್ ಉಸ್ಸೆಂದಿತು. ಹಾಲಿಸ್ ಬಗ್ಗಿ ಚಕ್ರ ನೋಡಿದ.

ಸೆಪ್ಟೆಂಬರ್ ೬, ಮಧ್ಯಾಹ್ನ

ಟ್ರೇಲರನ್ನು ಟ್ರಕ್ಕಿಗೆ ಕಟ್ಟಿ ಹೈವೇಯಲ್ಲಿ ಎಳೆದು ನೋಡಿದೆ. ಸೇತುವೆಗೆ ಮೊದಲಿನ ಇಳಿಜಾರು. ಟ್ರೇಲರ್‌ನ ಬಾಲ ಅಲ್ಲಾಡಿತು. ಮೊದಲು ಸ್ವಲ್ಪ... ಆಮೇಲೆ ಇಡೀ ಟ್ರಕ್ಕನ್ನೇ ಪಕ್ಕಕ್ಕೆ ಎಳೆಯಿತು. ಎದುರಿಂದ ಲಾರಿ. ಕಾಲು ಬ್ರೇಕಿಗೆ ಹೋಗದ ಹಾಗೆ ತಡೆದೆ. ಟ್ರೇಲರ್ ಬ್ರೇಕ್ ಮಾತ್ರ ಕೈಯಲ್ಲಿ ಒತ್ತಿದೆ. ನಿಂತಿತು.

ಹುಲ್ಲಿನ ಮೇಲೆ ಕೂತೆ. ಆಮೇಲೆ ಆಮೆಯ ಹಾಗೆ ಮನೆಗೆ.

ಸೆಪ್ಟೆಂಬರ್ ೭

ಹಾಲಿಸ್ ಬಚ್ಚಲಿನ ತೂಕದ ಯಂತ್ರ ಕೇಳಿದ. ತಂದುಕೊಟ್ಟೆ. ಹಲಗೆ ಕೊಟ್ಟು, ಟ್ರಕ್ಕಿಗೆ ಸಿಕ್ಕಿಸುವ ಟ್ರೇಲರ್‌ನ ಮೂಕಿಯನ್ನು ಅದರ ಮೇಲಿಳಿಸಿದ. ಮುಳ್ಳು ಕದಲಿದರೆ ಕದಲಿತು ಅನ್ನುವಷ್ಟು.

"ನಿನ್ನ ಮೂಕಿಗಿಂತ ನನ್ನ ನಾಯಿ ಜಾಸ್ತಿ ತೂಗುತ್ತೆ," ಅಂದ. "ಸ್ಮೋಕರ್ ಹಿಂದೆ. ಸಿಂಕ್ ಹಿಂದೆ. ನೀರು ಹಿಂದೆ. ಜನರೇಟರೂ ಹಿಂದೆ. ಮುಂದೆ ಏನಿದೆ ಮಾರಾಯ? ಒಂದು ಹಾಸಿಗೆ. ಮೂಕಿ ಹಗುರಾದ್ರೆ ಬಾಲ ಆಡ್ದೆ ಇರುತ್ತಾ?"

"ಮುಂದೆ ಮರಳು ಮೂಟೆ ಹಾಕ್ತೀನಿ."

"ಆಕ್ಸಲ್ ಹೊರಲ್ಲ. ಅಡುಗೆ ಸಾಮಾನೆಲ್ಲ ಮುಂದಕ್ಕೆ ಹೋಗ್ಬೇಕು."

"ನಡೀನ್ ಹೇಳಿದ ಜಾಗ ಅದು."

ಟೋಪಿ ತೆಗೆದು ತಲೆ ಕೆರೆದುಕೊಂಡ. "ನಡೀನ್‌ಗೆ ಬೆಂಕಿ ಗೊತ್ತಿತ್ತು ಕಣಯ್ಯಾ. ಗಾಡಿ ಗೊತ್ತಿರ್ಲಿಲ್ಲ. ಗಾಡಿ ಗೊತ್ತಿರೋದು ನಿನಗೆ."

ನೀನು ಮನೆಗೆ ಹೋಗು ಅಂದೆ. ಹೋದ.

ಸೆಪ್ಟೆಂಬರ್ ೨೦

ಎರಡು ವಾರ ಟ್ರೇಲರ್ ಬಾಗಿಲು ತೆಗೆದಿಲ್ಲ. ಹುಲ್ಲು ಚಕ್ರದ ಎತ್ತರಕ್ಕೆ ಬಂದಿದೆ.

ಬಾಬೆಟ್ ಕೀ ಕಿತ್ತುಕೊಂಡು ತಾನೇ ತೆಗೆದಳು. ನಾನು ಒಳಗೆ ಹೋಗಿ ಸಿಂಕಿನ ಮುಂದೆ ನಿಂತೆ.

"ಡೆಲ್ಮರ್," ಅಂದಳು, "ಜಾಗ ಬದಲಾಯಿಸು. ಇಲ್ಲ ಮಾರಿಬಿಡು. ಒಳಗೆ ನಿಂತ್ಕೊಂಡು ಅಳ್ಬೇಡ. ಹೊಸ ಪ್ಲೈವುಡ್ಡು, ನೀರು ಕುಡಿದು ಊದ್ಕೊಳ್ಳುತ್ತೆ."

ನಗು ಬಂತು. ಅವಳಿಗೂ. ಆಮೇಲೆ ಅವಳೇ ಅತ್ತಳು. ಅಕ್ಕನ ಮೂಗು ಇವಳದ್ದೂ, ಅತ್ತರೆ ಅದೇ ಥರ ಕೆಂಪಾಗುತ್ತದೆ.

ಸೆಪ್ಟೆಂಬರ್ ೨೧, ಭಾನುವಾರ

ಸಿಂಕ್ ಬಿಚ್ಚಿದೆ. ಬಿಚ್ಚುತ್ತಾ ನಡೀನ್ ಜೊತೆ ಜಗಳವಾಡಿದೆ, ಬಾಯಿಬಿಟ್ಟೇ. ನೀನು ತಪ್ಪು ಲೆಕ್ಕ ಹಾಕಿದ್ದೀ, ಆ ಲಾರಿಗೆ ನಾನು ಬಲಿಯಾಗುತ್ತಿದ್ದೆ ಅಂದೆ. ಬದುಕಿದ್ದರೆ ಬಾಗಿಲು ಬಡಿದು ಹೋಗುತ್ತಿದ್ದಳು, ಅರ್ಧ ಗಂಟೆಗೆ ಕಾಫಿ ಹಿಡಿದು ಬರುತ್ತಿದ್ದಳು. ಸುಮ್ಮನೆ ಇದ್ದದ್ದು ಇದೇ ಮೊದಲು.

ಟ್ಯಾಂಕ್ ಎತ್ತಿದೆ. ಕೆಳಗೆ ಗೀಟು, ಹಾಗೇ, ಬೆಳ್ಳಗೆ. ಮೂಲೆಯಲ್ಲಿ ಅವಳ ಅಂಗೈ ಊರಿದ ಗುರುತು.

ಕೂತೆ.

ಒದ್ದೆ ಬಟ್ಟೆ ತಂದೆ. ಒರೆಸಿದೆ.

ಸೆಪ್ಟೆಂಬರ್ ೨೮

ಸಿಂಕ್, ನೀರು, ಜನರೇಟರ್ ಎಲ್ಲ ಮುಂದೆ, ಸ್ಮೋಕರ್ ಮಾತ್ರ ಹಿಂದೆ. ಹಾಸಿಗೆ ಹಿಂದಕ್ಕೆ. ಪೈಪು ಹೊಸದಾಗಿ ಎಳೆಯಬೇಕಾಯಿತು. ಬೆರಳು ಎರಡು ಕಡೆ ಕೊಯ್ದಿದೆ. ಮೂಕಿ ತೂಗಿ ಹಾಲಿಸ್ ಸರಿ ಅಂತ ತಲೆ ಆಡಿಸಿದ. ಅದೇ ಇಳಿಜಾರಿಗೆ ಹೋದೆ, ಅವನೂ ಪಕ್ಕದಲ್ಲಿ ಕೂತ. ಟ್ರೇಲರ್ ಸಾಧು ಎತ್ತಿನ ಹಾಗೆ ಹಿಂದೆ ಬಂತು.

ಸಂಜೆ ಬಾಬೆಟ್ ಸಿಂಕಿನ ಹೊಸ ಜಾಗದಲ್ಲಿ ನಿಂತು ನೋಡಿದಳು.

"ಇಲ್ಲಿಂದ ಬೆಂಕಿ ಕಾಣಲ್ವಲ್ಲ. ಅದನ್ನ ಯಾರು ನೋಡ್ಕೋತಾರೆ?"

"ನಾನು."

"ನಡೀನ್ ಒಂದಿನಾನಾದ್ರೂ ನಿನ್ನ ಕೈಗೆ ಸೌದೆ ಕೊಟ್ಟಿದ್ಳಾ?"

"ಇಲ್ಲ."

"ಸರಿ ಹಾಗಾದ್ರೆ," ಅಂದಳು. "ನಾಳೆಯಿಂದ ಕಲಿ."

ಅಕ್ಟೋಬರ್ ೨

ಮೊದಲ ಹಂದಿಮಾಂಸ ಕಹಿ. ಬಿಳಿ ಹೊಗೆ ಹೋಗುವವರೆಗೂ ಕಾಯಲಿಲ್ಲ, ಮಾಂಸ ಒಳಗಿಟ್ಟುಬಿಟ್ಟೆ. ಹಾಲಿಸ್‌ನ ನಾಯಿ ಮೂಸಿ ನೋಡಿ ಹೊರಟುಹೋಯಿತು.

"ಮರ್ಯಾದಸ್ಥ ನಾಯಿ," ಅಂದ ಹಾಲಿಸ್. "ಬೈಯಲಿಲ್ಲ ನೋಡು."

ಅಕ್ಟೋಬರ್ ೫

ಇನ್ನೊಂದು. ಕಹಿ ಇಲ್ಲ. ಸ್ವಲ್ಪ ಒಣಗಿತು. ನಾಯಿ ತಿಂದಿತು. ಬಾಬೆಟ್ ಎರಡು ಸಲ ಬಡಿಸಿಕೊಂಡಳು.

ಅಕ್ಟೋಬರ್ ೧೦, ಶುಕ್ರವಾರ

ಕ್ಲೇವಿಲ್. ದಾರಿಯುದ್ದಕ್ಕೂ ಗಾಳಿ, ಟ್ರೇಲರ್ ನೇರ ಬಂತು. ತಪಾಸಣೆಯವರು ಮಾಂಸ ಮುಟ್ಟಿ ನೋಡಿ ಚೀಟಿ ಕೊಟ್ಟರು. ಪಕ್ಕದ ತಂಡದವರು ಬಂದು ಒಳಗೆಲ್ಲ ನೋಡಿದರು. ಒಬ್ಬ ಮುದುಕ, ಪ್ರತಿ ವರ್ಷ ನಡೀನ್‌ಗೆ ಸೋಲುತ್ತಿದ್ದವನು, ಟೋಪಿ ಎದೆಗೆ ಹಿಡಿದು ನಿಂತ. "ಬೆಂಕಿ ಯಾರದು?" ಅಂದ. ನನ್ನದು ಅಂದೆ. "ಅಬ್ಬ, ಈ ಸಲ ನನಗೊಂದು ಗೆಲುವಿದೆ," ಅಂದ. ಹೋಗುವಾಗ ಒಂದು ಹೊರೆ ಒಣಗಿದ ಚೆರ್ರಿ ಮರದ ಸೌದೆ ಇಳಿಸಿ ಹೋದ.

ಅಕ್ಟೋಬರ್ ೧೧, ಬೆಳಿಗ್ಗೆ

ಬ್ರಿಸ್ಕೆಟ್, ದನದ ಎದೆಮಾಂಸ, ಕಾಗದದಲ್ಲಿ ಸುತ್ತಿ ಆಯಿತು. ಪಕ್ಕೆಲುಬು ಬಣ್ಣ ಹಿಡಿಯುತ್ತಿದೆ. ಚಿಕನ್ ಈಗಷ್ಟೇ ಒಳಗೆ. ಹನ್ನೆರಡಕ್ಕೆ ಮೊದಲ ಡಬ್ಬಿ ತೀರ್ಪುಗಾರರ ಮೇಜಿಗೆ ಹೋಗಬೇಕು. ಹೊರಗೆ ಕುರ್ಚಿ ಹಾಕಿಕೊಂಡು ಬರೆಯುತ್ತಿದ್ದೇನೆ. ಬೆನ್ನಿಗೆ ಸ್ಮೋಕರ್ ಶಾಖ.

ಬಾಬೆಟ್ ಒಳಗಿಂದ ಕೂಗಿದಳು. "ಡೆಲ್ಮರ್, ಶಾಖ ಇಳೀತಿದೆಯಾ? ಸೌದೆ ಹಾಕ್ತೀಯೋ ಇಲ್ವೋ?"

ಪ್ರತಿ ವರ್ಷ ಈ ಮಾತು ಬಂದಾಗ ನಡೀನ್ ಮುಖ ನೋಡುತ್ತಿದ್ದೆ. ತಿರುಗಲಿಲ್ಲ. ಎದ್ದು ಒಲೆ ಬಾಗಿಲು ತೆಗೆದೆ. ಕೆಂಡ ಚೆನ್ನಾಗಿದೆ, ಕೆಳಗೆ ಬೂದಿ ಕಟ್ಟಿದೆ. ಶಾಖದ ಮುಳ್ಳು ಇಳಿಯುತ್ತಿದೆ, ನಿಧಾನ.

"ತಡಿ, ನೋಡ್ತಿದ್ದೀನಿ," ಅಂದೆ.

"ನೋಡಿದ್ದು ಸಾಕು, ಹೇಳು."

ಹಾಕಬೇಕು. ಸಣ್ಣದು, ಒಂದೇ. ಬಾಗಿಲು ಬೆರಳಷ್ಟು ಬಿಟ್ಟು, ಗಾಳಿ ಆಡುವ ಹಾಗೆ. "ಹಾಕ್ತಿದ್ದೀನಿ," ಅಂತ ಕೂಗಿದೆ.