ಹನ್ನೆರಡನೆಯ ಸಾಲು

ಘಾಟಬೋರಾಳ
೪ ಜುಲೈ ೧೯೯೯

ಚಿರಂಜೀವಿ ಧಮ್ಮಪಾಲನಿಗೆ ಅಪ್ಪನ ಆಶೀರ್ವಾದ. ಜೈ ಭೀಮ್.

ಕಾಗದ ತಡವಾಯಿತು, ಸಿಟ್ಟಾಗಬೇಡ. ನೀನೇನು ಕಡಿಮೆಯೇ? ಗಡಿಯಲ್ಲಿ ಲಡಾಯಿ ಶುರುವಾಗಿ ಆರು ವಾರವಾಯಿತು, ನಿನ್ನದೊಂದು ಸಾಲೂ ಇಲ್ಲ. ಅಂಚೆಯವನು ನನ್ನನ್ನು ಕಂಡರೆ ಸೈಕಲ್ಲನ್ನು ಬೇರೆ ಓಣಿಗೆ ತಿರುಗಿಸುತ್ತಾನೆ.

ಹುಮನಾಬಾದಿನಲ್ಲಿ ನಿಮ್ಮ ಪಲ್ಟನ್ನಿನಲ್ಲಿ ಮಡಿದವರಿಗೆ ಸ್ಮಾರಕ ನಿಲ್ಲಿಸುತ್ತಿದ್ದಾರೆ. ಕೆತ್ತುವ ಕೆಲಸ ನನಗೇ ಬಂತು. ಹಳೆಯ ಲಡಾಯಿಗಳಲ್ಲಿ ಹೋದ ನಮ್ಮ ಕಡೆಯ ಹನ್ನೊಂದು ಹೆಸರು. ಪಟ್ಟಿ ತಂದ ನಿವೃತ್ತ ಸುಬೇದಾರ ಶಂಕರಲಿಂಗಪ್ಪನವರು, "ನರಸಿಂಗ, ಕೆಳಗ ಒಂದು ಸಾಲು ಖಾಲಿ ಬಿಡು. ಲಡಾಯಿ ಇನ್ನಾ ಮುಗದಿಲ್ಲ" ಅಂದರು. ಆ ಮಾತು ನನಗೆ ಹಿಡಿಸಲಿಲ್ಲ.

ಅಕ್ಷರದ ಅಳತೆ ನೋಡಲು ನಾನು ಯಾವಾಗಲೂ ಕೆಮ್ಮಣ್ಣಿನಲ್ಲಿ ನಿನ್ನ ಹೆಸರು ಬರೆದು ಒರೆಸುವವನು. ಅದರಲ್ಲಿ ಒತ್ತೂ ಇದೆ, ದೀರ್ಘವೂ ಇದೆ. ಈ ಸಲವೂ ಖಾಲಿ ಸಾಲಿನಲ್ಲಿ ಬರೆದು, ಅದೇ ಅಳತೆಗೆ ಮೇಲಿನ ಹನ್ನೊಂದನ್ನೂ ಬರೆದೆ. ಹನ್ನೊಂದೂ ಕೆತ್ತಿ ಮುಗಿಯುತ್ತ ಬಂದಾಗ, ನಿನ್ನ ಹೆಸರು ಒರೆಸದೆ, ಉಳಿ ಹದ ಮಾಡಿಸಲು ಕಮ್ಮಾರನಲ್ಲಿಗೆ ಹೋಗಿಬಿಟ್ಟೆ. ನನ್ನ ಜೊತೆ ಕೆತ್ತುವ ಯುನೂಸನಿಗೆ ಕನ್ನಡ ಓದಲು ಬಾರದು. ಕೆಂಪು ಗೆರೆ ಕಂಡಲ್ಲಿ ಉಳಿ ಹಿಡಿಯುತ್ತಾನೆ. ನಾನು ಬರುವಷ್ಟರಲ್ಲಿ ಹನ್ನೆರಡೂ ಸಾಲು ಮುಗಿಸಿ ಬೀಡಿ ಹಚ್ಚಿದ್ದ. "ಯಾಕ ಹಿಂಗ ನಿಂತೀರಿ ಭಾಯಿ? ತಪ್ಪಾತೇನ್ರಿ?" ಎಂದ.

ಅರಗಿಗೆ ಕಲ್ಲಿನ ಪುಡಿ ಬೆರೆಸಿ ಆ ಸಾಲಿನ ಅಕ್ಷರಗಳಿಗೆ ತುಂಬಿ, ಉಜ್ಜಿದೆ. ಮರೆಯಾಯಿತು ಅಂದುಕೊಂಡೆ. ಮೊನ್ನೆ ಮಳೆ ಬಿತ್ತು. ಕಲ್ಲೆಲ್ಲ ಒಣಗಿದರೂ ಆ ನಾಲ್ಕು ಅಕ್ಷರ ಮಾತ್ರ ಕಪ್ಪಗೆ ಎದ್ದು ನಿಂತವು. ಬುತ್ತಿ ತಂದ ನಿನ್ನ ಅವ್ವ ನೋಡಿದಳು. ಅವಳಿಗೆ ಓದಲು ಬರುವುದು ಅದೊಂದೇ ಹೆಸರು.

ಹೊಸ ಕಲ್ಲು ತರಿಸಿದ್ದೇನೆ, ಹನ್ನೊಂದನ್ನೂ ಮತ್ತೆ ಕೆತ್ತುತ್ತಿದ್ದೇನೆ. ಹಳೆಯದನ್ನು ಒಡೆಯಬೇಕು. ಸುತ್ತಿಗೆ ಎತ್ತಿದರೆ ಕೈ ಇಳಿಯುವುದಿಲ್ಲ. ನಿನ್ನ ಹೆಸರಿನ ಮೇಲೆ ಹೇಗೆ ಹೊಡೆಯಲಿ? ಯುನೂಸನೂ ಒಲ್ಲೆ ಅನ್ನುತ್ತಾನೆ. ರಜೆ ಸಿಕ್ಕ ಕೂಡಲೇ ಬಂದು ನೀನೇ ಒಡೆ. ಅಲ್ಲಿಯವರೆಗೆ ಅದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೇನೆ. ನನಗೆ ಹೆದರಿಕೆಯಾಗಿದೆ ಮಗನೇ. ಎರಡೇ ಸಾಲು ಬರೆ, ಸಾಕು.

ನೂರು ಕಾಲ ಬಾಳು.

ನಿನ್ನ ಅಪ್ಪ
ನರಸಿಂಗ

ತಾ.ಕ.: ನಿನ್ನನ್ನು ಸೈನ್ಯದ ಭರ್ತಿಗೆ ಕರೆದೊಯ್ದ ದಿನ ನಿನ್ನ ಅವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು. ನಾನು ಅವಳಿಗೆ, "ಊರಮಂದಿ ಹೆಸರೆಲ್ಲಾ ಕಲ್ಲಿನ ಮ್ಯಾಲ ಕೆತ್ತೇನಿ. ನಮ್ಮ ಮನಿ ಹೆಸರೂ ಒಮ್ಮಿ ಬರಲಿ ಬಿಡು" ಅಂದಿದ್ದೆ. ಮೊನ್ನೆ ಆ ಕಲ್ಲು ನೋಡಿ ಅವಳು ಅಳಲಿಲ್ಲ, ಬೈಯಲಿಲ್ಲ. ಬುತ್ತಿ ಕೆಳಗಿಟ್ಟು, "ಬಂತಲ್ರಿ" ಅಂದಳು.