ಹುಸೇನಬೀಯ ಮಣ್ಣಿಗೆ ಬಾರದವರು

ಯಾದಗಿರಿ
೧೧ ಫೆಬ್ರುವರಿ ೨೦೨೪

ಪ್ರೀತಿಯ ಬಸಲಿಂಗಣ್ಣನಿಗೆ ನಿನ್ನ ತಂಗಿ ನಂದಿನಿಯ ನಮಸ್ಕಾರ.

ಹೇಗಿದ್ದೀ? ಮಸ್ಕತ್ತಿನ ಆ ಮೀನಿನ ಗೋದಾಮಿನಲ್ಲಿ ದಿನವೆಲ್ಲ ಮಂಜುಗಡ್ಡೆ ಮುಟ್ಟಿ ನಿನ್ನ ಬೆರಳು ಒಡೆದಿದ್ದವಲ್ಲ, ಮಾಯ್ದವೇ? ಅವ್ವ ಕೊಬ್ಬರಿ ಎಣ್ಣೆಯಲ್ಲಿ ಅರಿಸಿನ ಕಾಸಿ ಡಬ್ಬಿಗೆ ಹಾಕಿದ್ದಾಳೆ. ಸುರಪುರದ ವಹಾಬಣ್ಣ ರಜೆ ಮುಗಿಸಿ ನಾಳೆ ಅಲ್ಲಿಗೆ ಹೊರಡುತ್ತಾನೆ, ಅವನ ಕೈಯಲ್ಲಿ ಡಬ್ಬಿಯ ಜೊತೆ ಈ ಕಾಗದವನ್ನೂ ಕೊಡುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಮ್ಮದು ಒಂದೇ ಕೋಣೆಯ ಮನೆ, ಪಿಸುಗುಟ್ಟಿದರೂ ಅವ್ವನಿಗೆ ಕೇಳುತ್ತದೆ. ಅಪ್ಪ ಗಟ್ಟಿಯಾಗಿದ್ದಾನೆ. ಈಗಲೂ ಬೆಳಗಾದರೆ ಬಲೆ ಹೊತ್ತು ಭೀಮೆಗೆ ಹೋಗುತ್ತಾನೆ. ತರುವುದು ನಾಲ್ಕು ಮೀನು, ಹೊಳೆಗೆ ವಿಷದ ನೀರು ಬಿಡುವ ಕಾರ್ಖಾನೆಯವರಿಗೆ ಬೈಗುಳ ಮಾತ್ರ ಬುಟ್ಟಿ ತುಂಬ.

ನಾನು ಆ ಔಷಧದ ಕಾರ್ಖಾನೆಗೆ ಸೇರಿದ ದಿನ ಅಪ್ಪ ಉಣ್ಣದೆ ಮಲಗಿದ್ದ. ನೀನು ಅಲ್ಲಿಂದ ಫೋನ್ ಮಾಡಿ, "ಜಗತ್ತೆಲ್ಲಾ ಒಂದ ಊರ ಆಗ್ಯಾದ ಅಪ್ಪಾ, ಆಕಿ ಹೋಗಲಿ ಬಿಡು" ಎಂದು ಒಪ್ಪಿಸಿದೆ. ನಿನ್ನ ಮಾತು ಪೂರ್ತಿ ಸುಳ್ಳೆಂದು ನಾನು ಈಗಲೂ ಹೇಳಲಾರೆ. ಹೊಲದ ಕೂಲಿ ಬಿಟ್ಟು ಬೇರೇನನ್ನೂ ಕಾಣದ ಹೆಂಗಸರು ನಾವು, ಬಸ್ಸು ಹತ್ತಿ ಕೆಲಸಕ್ಕೆ ಹೋದೆವು, ಬ್ಯಾಂಕಿನಲ್ಲಿ ನಮ್ಮ ಹೆಸರಿನ ಸಹಿ ಮಾಡಿದೆವು. ನನ್ನ ಪಕ್ಕ ನಿಲ್ಲುತ್ತಿದ್ದ ಗೋಗಿಯ ಹುಸೇನಬೀ ಔಷಧದ ಪುಡಿಯ ಚೀಲಗಳ ಮೇಲಿನ ದೇಶಗಳ ಹೆಸರನ್ನು ತೊದಲುತ್ತ ಓದುತ್ತಿದ್ದಳು. "ನಮ್ಮ ಕೈ ಎಲ್ಲಿತನಾ ಮುಟ್ಟತಾವ ನೋಡು ನಂದಿನಿ" ಎಂದು ನಗುತ್ತಿದ್ದಳು.

ಅವಳು ತೀರಿಕೊಂಡಳೆಂದಷ್ಟೇ ನಿನಗೆ ಹೇಳಿದ್ದೆ. ಹೇಗೆಂದು ಹೇಳಿರಲಿಲ್ಲ. ಪುಡಿ ತಯಾರಾಗುವ ದೊಡ್ಡ ಟಾಕಿಯನ್ನು ವಾರಕ್ಕೊಮ್ಮೆ ಒಳಗಿಳಿದು ತೊಳೆಯಬೇಕು. ವಿಷಗಾಳಿ ತಡೆಯಲು ಮೂಗಿಗೆ ಹಾಕುವ ಮುಸುಕುಗಳು ಕಪಾಟಿನಲ್ಲಿದ್ದವು, ಕಪಾಟಿಗೆ ಬೀಗ. ಅವಳು ಓಢಣಿಯನ್ನೇ ಮೂಗಿಗೆ ಸುತ್ತಿಕೊಂಡು ಇಳಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸಪ್ಪಳವೇ ಇಲ್ಲ. ಹಗ್ಗ ಹಾಕಿ ಮೇಲೆ ತಂದಾಗ ಉಸಿರಿರಲಿಲ್ಲ. ಕಾರ್ಖಾನೆಯವರು ಹೃದಯಾಘಾತವೆಂದು ಬರೆದುಕೊಂಡರು. ಗೋಗಿಯಲ್ಲಿ ಅವಳ ಮಣ್ಣಿಗೆ ನಾವು ಆರು ಜನ ಹೆಂಗಸರು ಹೋಗಿದ್ದೆವು. ಸಾಹೇಬರ ಪೈಕಿ ಒಬ್ಬರೂ ಬರಲಿಲ್ಲ. ನೀನಂದಂತೆ ಜಗತ್ತು ಒಂದೇ ಊರಾಗಿದ್ದರೆ ಮಣ್ಣಿಗಾದರೂ ಯಾರಾದರೂ ಬರಬೇಕಿತ್ತಲ್ಲ ಅಣ್ಣಾ?

ಆಮೇಲೆ ಬಂದರು, ಎರಡು ತಿಂಗಳು ಬಿಟ್ಟು. ಪುಡಿ ಕೊಳ್ಳುವ ಹೊರದೇಶದ ಕಂಪನಿಯವರು ತಪಾಸಣೆಗೆ ಬರುತ್ತಾರೆಂದು ಗೋಡೆಗೆ ಸುಣ್ಣವಾಯಿತು, ಕಪಾಟಿನ ಬೀಗ ತೆರೆಯಿತು. "ಏನ್ ಕೇಳಿದರೂ ಎಲ್ಲಾ ಛಲೋ ಅದರಿ ಅನ್ರಿ, ಅಷ್ಟ" ಎಂದು ಮೇಲ್ವಿಚಾರಕ ನಮಗೆ ಪಾಠ ಹೇಳಿಕೊಟ್ಟ. ಬಂದವಳು ಅವ್ವನ ವಯಸ್ಸಿನ ಹೆಂಗಸು. ಒಬ್ಬೊಬ್ಬರನ್ನೇ ಕೋಣೆಗೆ ಕರೆದು ಬಾಗಿಲು ಹಾಕಿಸಿ, ಕನ್ನಡ ಬಲ್ಲ ಹುಡುಗಿಯ ಮೂಲಕ ಕೇಳಿದಳು. ನನ್ನ ಸರದಿ ಬಂದಾಗ "ಎಲ್ಲಾ ಛಲೋ" ಎನ್ನಲಿಲ್ಲ. ಓಢಣಿ, ಬೀಗ, ಹಗ್ಗ, ಎಲ್ಲವನ್ನೂ ಹೇಳಿದೆ. ಆಕೆಯ ಕಣ್ಣು ತುಂಬಿತು. ನನ್ನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಇನ್ನು ಎಲ್ಲ ಸರಿಹೋಗುತ್ತದೆ ಎಂದು ನಾನು ನಂಬಿದೆ.

ಮೂರು ವಾರಕ್ಕೆ ಆ ಕಂಪನಿಯವರು ಇಲ್ಲಿಂದ ಕೊಳ್ಳುವುದನ್ನೇ ನಿಲ್ಲಿಸಿದರು. ಈಗ ಬೇರೆ ಯಾವುದೋ ದೇಶದಿಂದ ತರಿಸುತ್ತಾರಂತೆ. ಅಲ್ಲಿಯ ಟಾಕಿಗೂ ಯಾರೋ ಒಬ್ಬಳು ಇಳಿಯುತ್ತಿರಬೇಕು. ನಮ್ಮ ವಿಭಾಗ ಮುಚ್ಚಿತು, ನೂರಿಪ್ಪತ್ತು ಹೆಂಗಸರನ್ನು ಮನೆಗೆ ಕಳಿಸಿದರು. ಹುಸೇನಬೀಯ ಸಾವಿನ ಕಾಗದದಲ್ಲಿ ಮಾತ್ರ ಒಂದಕ್ಷರವೂ ಬದಲಾಗಿಲ್ಲ. ಗೇಟಿನ ಮುಂದೆ ಸೌಭಾಗ್ಯ ನನ್ನನ್ನು ತಡೆದಳು. ದಿನಾ ನನ್ನ ಡಬ್ಬಿಯಿಂದ ಚಟ್ನಿ ತಿಂದವಳು. "ಸತ್ತಾಕಿ ಒಬ್ಬಾಕಿ. ನೀ ನೂರು ಮಂದಿ ಹೊಟ್ಟಿ ಮ್ಯಾಲೆ ಹೊಡದಿ" ಎಂದಳು. ಈಗ ಓಣಿಯ ನಳದಲ್ಲಿ ನಾನು ಕೊಡ ಇಟ್ಟರೆ ಉಳಿದವರು ತಮ್ಮ ಕೊಡ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಅಪ್ಪ ತನ್ನ ಮಾತೇ ಗೆದ್ದಿತೆಂದು ಹಿಗ್ಗಲಿಲ್ಲ. ನನ್ನ ತಟ್ಟೆಗೆ ಮೀನಿನ ದೊಡ್ಡ ತುಂಡು ಹಾಕಿ, "ಖರೇ ಹೇಳೀದಿ, ಉಣ್ಣು" ಎಂದ. ಅವನು ಕೈ ತೊಳೆಯಲು ಎದ್ದಾಗ ಆ ತುಂಡನ್ನು ಮತ್ತೆ ಗಡಿಗೆಗೆ ಹಾಕಿದೆ.

ನೀನು ವೇಳೆಗೆ ಸರಿಯಾಗಿ ಉಣ್ಣು. ಎಣ್ಣೆಯನ್ನು ತಪ್ಪದೆ ಹಚ್ಚಿಕೋ. ಅಬ್ಬೆತುಮಕೂರಿನ ಮಠದ ಅಜ್ಜನ ಕೃಪೆ ನಿನ್ನ ಮೇಲಿರಲೆಂದು ಅವ್ವ ಬರೆಸಿದ್ದಾಳೆ.

ನಿನ್ನ ತಂಗಿ,
ನಂದಿನಿ

ತಾ.ಕ.: ವಹಾಬಣ್ಣ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತಿದ್ದೇನೆ. ಅಂದು ಟಾಕಿಗೆ ಇಳಿಯುವ ಪಾಳಿ ನನ್ನದು. ಬೆಳಿಗ್ಗೆಯಿಂದ ತಲೆನೋವೆಂದು ಕುಳಿತಿದ್ದೆ. "ನೀ ಕುಂದ್ರು, ನಾ ಇಳದು ಬರ್ತೀನಿ" ಎಂದು ಹುಸೇನಬೀ ಹೋದಳು. ಆ ಹೊರದೇಶದ ಹೆಂಗಸಿಗೆ ಎಲ್ಲ ಹೇಳಿದವಳು ಇದೊಂದನ್ನು ಹೇಳಲಿಲ್ಲ. ಅಪ್ಪನಿಗೂ ಗೊತ್ತಿಲ್ಲ. ನಾಳೆ ಮೊದಲ ಬಸ್ಸಿಗೆ ಗೋಗಿಗೆ ಹೋಗುತ್ತೇನೆ, ಅವಳ ಗಂಡ ಗಯಾಸನಿಗೆ ಹೇಳಲು. ಅವನು ಏನೆಂದರೂ ನಿಂತು ಕೇಳುತ್ತೇನೆ.